ಸುಳಿವು ಬರೆದವರ ಹೊಣೆ

ಇವತ್ತಿನ ಪದಬಂಧ ಹೇಗಿತ್ತು ಎಂದು ಕೇಳಿದರೆ ‘ಸುಲಭ’ ಅಥವಾ ‘ಕಷ್ಟ’ ಎಂಬ ಉತ್ತರ ಬರುತ್ತದೆ. ಆದರೆ ಕಷ್ಟದ ಪದಬಂಧವೂ ನ್ಯಾಯವಾಗಿರಬಹುದು, ಸುಲಭದ್ದೂ ಮೋಸ ಮಾಡಬಹುದು. ಬಿಡಿಸಿ ಮುಗಿಸಿದಾಗ ಪ್ರತಿ ಉತ್ತರವೂ ‘ಹೌದು, ಇದೇ ಆಗಬೇಕಿತ್ತು’ ಅನ್ನಿಸಬೇಕು. ಈ ಅಳತೆಗೋಲು ರೂಪುಗೊಳ್ಳಲು ದಶಕಗಳೇ ಹಿಡಿದವು.

1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಅವರ ಮೊದಲ ಪದಬಂಧ ಅಚ್ಚಾಯಿತು. ಓದುಗರು ಮುಗಿಬಿದ್ದರು, ಆದರೆ ತಪ್ಪುಗಳಿಗೆ ಲೆಕ್ಕವಿರಲಿಲ್ಲ. ಆ ಪುಟದ ಹೊಣೆ ಮುಂದೆ ಮಾರ್ಗರೆಟ್ ಪೆಥರ್‌ಬ್ರಿಜ್ ಎಂಬ ಯುವತಿಗೆ ಬಂತು. ಆಕೆಯೂ ಮೊದಮೊದಲು ಬಿಡಿಸಿ ನೋಡದೆ, ಅಂದವಾಗಿ ಕಂಡದ್ದನ್ನು ಅಚ್ಚಿಗೆ ಕಳಿಸುತ್ತಿದ್ದರು. ಅದೇ ಪತ್ರಿಕೆಯ ಅಂಕಣಕಾರ ಫ್ರಾಂಕ್ಲಿನ್ ಪಿ. ಆಡಮ್ಸ್ ತಪ್ಪುಗಳನ್ನು ಬಿಡದೆ ಎತ್ತಿ ತೋರಿಸತೊಡಗಿದಾಗ ಆಕೆ ಒಂದನ್ನು ತಾವೇ ಬಿಡಿಸಲು ಕುಳಿತರು. ಓದುಗರ ಪಾಡು ಆಗ ಅರ್ಥವಾಯಿತು. ಅಲ್ಲಿಂದ ಮುಂದೆ ಪರೀಕ್ಷಿಸದ ಪದಬಂಧ ಅವರ ಕೈದಾಟಿ ಹೋಗಲಿಲ್ಲ. ಪದಬಂಧದ ಇತಿಹಾಸದಲ್ಲಿ ನನಗೆ ಅತಿ ದೊಡ್ಡ ತಿರುವಾಗಿ ಕಾಣುವುದು ಇದೇ.

1924ರಲ್ಲಿ ಈ ಹುಚ್ಚನ್ನು ಕಾಲಹರಣವೆಂದು ಹಳಿದಿದ್ದ ‘ನ್ಯೂಯಾರ್ಕ್ ಟೈಮ್ಸ್’, ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೆ, 1942ರ ಫೆಬ್ರುವರಿ 15ರಿಂದ ತಾನೂ ಭಾನುವಾರದ ಪದಬಂಧ ಆರಂಭಿಸಿತು. ಮದುವೆಯ ಬಳಿಕ ಮಾರ್ಗರೆಟ್ ಫರಾರ್ ಆಗಿದ್ದ ಅದೇ ಮಹಿಳೆ ಸಂಪಾದಕಿಯಾದರು. 1950ರಲ್ಲಿ ಅದು ದಿನವೂ ಬರತೊಡಗಿತು. ಅಲ್ಲಿನ ಕಟ್ಟುಗಳು ಇವು: ಪ್ರತಿ ಚೌಕವೂ ಅಡ್ಡ ಮತ್ತು ಉದ್ದದ ಎರಡು ಪದಗಳಿಗೆ ಸೇರಬೇಕು; ಸುಳಿವು ಬಹುವಚನದಲ್ಲಿದ್ದರೆ ಉತ್ತರವೂ ಬಹುವಚನವಾಗಬೇಕು; ಬೆಳಗಿನ ತಿಂಡಿಯ ಹೊತ್ತಿಗೆ ರೋಗ, ಸಾವುಗಳ ಮಾತು ಬೇಡ. ವಿಷಯಾಧಾರಿತ ಪದಬಂಧಕ್ಕೆ ಇನ್ನೊಂದು ಕಟ್ಟು: ವಿಷಯಕ್ಕೆ ಸೇರಿದ ಉದ್ದನೆಯ ಉತ್ತರಗಳೆಲ್ಲ ಒಂದೇ ಸೂತ್ರಕ್ಕೆ ಒಳಪಡಬೇಕು. ನಾಲ್ಕರಲ್ಲಿ ಮೂರು ಹೊಂದಿ ಒಂದು ಜಾರಿದರೂ ವಿಷಯ ಕುಸಿದಂತೆಯೇ.

ಈ ಕಟ್ಟುಗಳ ಶಿಖರ 1996ರ ನವೆಂಬರ್ 5, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನ. ಗಣಿತದ ಪ್ರಾಧ್ಯಾಪಕ ಜೆರಮಾಯಾ ಫಾರೆಲ್ ರಚಿಸಿದ ಆ ದಿನದ ‘ಟೈಮ್ಸ್’ ಪದಬಂಧ ನಾಳಿನ ಪತ್ರಿಕೆಯ ಮುಖ್ಯ ಸುದ್ದಿ ಏನೆಂದು ಕೇಳಿತ್ತು. ಗೆದ್ದವರ ಹೆಸರಿಗೆ ಏಳು ಚೌಕ. ಅಲ್ಲಿ ಇಂಗ್ಲಿಷಿನಲ್ಲಿ ಬರೆದಾಗ ಒಬ್ಬ ಅಭ್ಯರ್ಥಿ ‘ಕ್ಲಿಂಟನ್’ ಕೂಡ ಹೊಂದುತ್ತಿತ್ತು, ಎದುರಾಳಿ ‘ಬಾಬ್ ಡೋಲ್’ ಕೂಡ! ಆ ಏಳು ಅಕ್ಷರಗಳನ್ನು ಹಾಯುವ ಏಳೂ ಪದಗಳಿಗೆ ಎರಡೆರಡು ಸರಿಯುತ್ತರಗಳಿದ್ದವು. ಹ್ಯಾಲೋವೀನ್ ಹಬ್ಬದ ಕಪ್ಪು ಪ್ರಾಣಿ ಎಂದರೆ ‘ಕ್ಯಾಟ್’ ಸರಿ, ‘ಬ್ಯಾಟ್’ ಕೂಡ ಸರಿ. ಹೊಲಿಗೆ ಅಂಗಡಿಯಲ್ಲಿ ಕೊಳ್ಳುವುದು ‘ಯಾರ್ನ್’ (ನೂಲು) ಆಗಬಹುದು, ‘ಯಾರ್ಡ್’ (ಗಜ ಬಟ್ಟೆ) ಕೂಡ. ಮತ ಎಣಿಕೆಗೆ ಮೊದಲೇ ಪತ್ರಿಕೆ ಫಲಿತಾಂಶ ಘೋಷಿಸಿತೆಂದು ಓದುಗರು ಸಿಟ್ಟಾಗಿ ಕರೆ ಮಾಡಿದರು. 1980ರಲ್ಲಿ ಫಾರೆಲ್ ಕಳಿಸಿದ್ದ ಇಂಥದ್ದೇ ಯೋಚನೆಯನ್ನು ಅಂದಿನ ಸಂಪಾದಕ ಯೂಜೀನ್ ಮಲೆಸ್ಕಾ ತಿರಸ್ಕರಿಸಿದ್ದರು. 1993ರಲ್ಲಿ ಬಂದ ವಿಲ್ ಶಾರ್ಟ್ಸ್ ಒಪ್ಪಿದರು. ಎರಡು ಉತ್ತರವಿದ್ದೂ ಅದು ಅನ್ಯಾಯವಾಗಲಿಲ್ಲ, ಏಕೆಂದರೆ ಯಾವ ಸುಳಿವೂ ಸುಳ್ಳು ಹೇಳಿರಲಿಲ್ಲ.

ಬ್ರಿಟನ್ನಿನ ಗೂಢ ಪದಬಂಧಗಳಲ್ಲಿ ಸುಳಿವಿನ ಮೇಲ್ನೋಟದ ಅರ್ಥ ಬೇಕೆಂದೇ ದಾರಿ ತಪ್ಪಿಸುತ್ತದೆ. ಅಲ್ಲಿಯೂ ಮಿತಿಯಿದೆ. ‘ಆಫ್ರಿಟ್’ ಎಂಬ ಹೆಸರಿನ ರಚನಕಾರರು 1949ರಲ್ಲಿ ಹಾಕಿಕೊಟ್ಟ ಸೂತ್ರದ ತಾತ್ಪರ್ಯ ಹೀಗಿದೆ: ನಾನು ಹೇಳಿದ್ದೇ ನನ್ನ ಉದ್ದೇಶವಾಗಿರಬೇಕಿಲ್ಲ, ಆದರೆ ನನ್ನ ಉದ್ದೇಶವನ್ನು ನಾನು ಹೇಳಿರಲೇಬೇಕು.

ಕನ್ನಡದಲ್ಲಿ ಈ ಹೊಣೆ ಇನ್ನೂ ಭಾರ. ಸಾವಿರಾರು ಪದಬಂಧ ರಚಿಸಿ ಲಿಮ್ಕಾ ದಾಖಲೆಗೆ ಸೇರಿದ ಅ.ನಾ. ಪ್ರಹ್ಲಾದರಾವ್ ಅವರಂಥವರು ದುಡಿದ ಕ್ಷೇತ್ರವಿದು. ನಮ್ಮ ಚೌಕದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳು ಇಡಿಯಾಗಿ ಕೂರುತ್ತವೆ. ‘ಸರಸ್ವತಿ’ಯ ಮೂರನೆಯ ಮನೆಯನ್ನು ‘ಸ್ವರ’ ಹಾಯಬಹುದು, ‘ತಪಸ್ವಿ’ ಹಾಯಲಾರದು. ಹಾಗಾಗಿ ಎಷ್ಟೋ ಮನೆಗಳು ಒಂದೇ ಪದಕ್ಕೆ ಸೇರಿ ಉಳಿಯುತ್ತವೆ. ಅಲ್ಲಿ ಸುಳಿವೊಂದೇ ಆಧಾರ. ‘ಸಮಯ (2)’ ಎಂದು, ಅಂದರೆ ಎರಡು ಮನೆಯ ಪದವೆಂದು ಕೊಟ್ಟರೆ ಕಾಲ, ವೇಳೆ, ಹೊತ್ತು ಮೂರೂ ಸರಿ, ಓದುಗ ಊಹಿಸುತ್ತಾ ಕೂರಬೇಕು. ‘ಗಡಿಯಾರ ಅಳೆಯುವುದೂ ಹೌದು, ಯಮನ ಹೆಸರೂ ಹೌದು’ ಎಂದರೆ ‘ಕಾಲ’ ಬಿಟ್ಟು ಬೇರೆ ಪದಕ್ಕೆ ಎಡೆಯಿಲ್ಲ.