ಮಾಟುಂಗದ ಅಡ್ಮಿರಲ್, ಹದಿನಾಲ್ಕು ವರ್ಷದ ಲೆಕ್ಕ

ಮುಂಬೈ ಮಾಟುಂಗದ ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳು ನೌಕಾಪಡೆಗೆ ಅರ್ಜಿ ಹಾಕಲು ಕೂತಿದ್ದಾಳೆ. ಅವಳ ಅಮ್ಮ ಕುಂದಾಪುರದ ಕಡೆಯವರು. ಮೊನ್ನೆ ಲಿಫ್ಟಿನ ಹತ್ತಿರ ಹಿಡಿದು ಕೇಳಿದರು: "ಅಲ್ಲಿ ಹೆಣ್ಣುಮಕ್ಕಳಿಗೆ ಕೆಲಸ ಎಷ್ಟು ವರ್ಷ? ಒಬ್ಬರು ಹತ್ತು ವರ್ಷ ಅಂತಾರೆ, ಇನ್ನೊಬ್ಬರು ಹದಿನಾಲ್ಕು ಅಂತಾರೆ, ಪರ್ಮನೆಂಟ್ ಅಂತಲೂ ಹೇಳ್ತಾರೆ. ಯಾವುದು ಸರಿ ಮಾರಾಯ್ರೆ?"

ಮೂರೂ ಸರಿ. ಗೋಜಲು ಇರುವುದೇ ಅಲ್ಲಿ.

ಈ ಕಥೆಗೆ ನಮ್ಮ ಮಾಟುಂಗದ ನಂಟಿದೆ. ಅಡ್ಮಿರಲ್ ಲಕ್ಷ್ಮಿನಾರಾಯಣ ರಾಮದಾಸ್ ಹುಟ್ಟಿದ್ದು ಇಲ್ಲೇ, 1933ರ ಸೆಪ್ಟೆಂಬರ್ 5ರಂದು. 1971ರ ಯುದ್ಧದಲ್ಲಿ ಪೂರ್ವ ಪಾಕಿಸ್ತಾನದ ಸಮುದ್ರ ದಾರಿ ಕಟ್ಟಿಹಾಕಿದ ಹಡಗುಗಳಲ್ಲಿ ಐಎನ್‌ಎಸ್ ಬಿಯಾಸ್ ಒಂದು. ಅದರ ಕ್ಯಾಪ್ಟನ್ ಇವರು. ವೀರ ಚಕ್ರ ಬಂತು. 1990ರ ನವೆಂಬರ್ 30ಕ್ಕೆ ನೌಕಾಪಡೆಯ ಮುಖ್ಯಸ್ಥರಾದರು. ಹೆಂಡತಿಯ ತಂದೆ ಕಟಾರಿಯವರೂ ಅದೇ ಖುರ್ಚಿಯಲ್ಲಿ ಕೂತವರು, ಆ ಹುದ್ದೆಗೇರಿದ ಮೊದಲ ಭಾರತೀಯ. ರಾಮದಾಸರಿಗೆ ಮೂವರು ಹೆಣ್ಣುಮಕ್ಕಳು. ಇದನ್ನು ಸುಮ್ನೆ ಹೇಳುತ್ತಿಲ್ಲ, ನೌಕಾಪಡೆ ಹೆಂಗಸರಿಗೆ ಬಾಗಿಲು ತೆರೆದದ್ದು ಇವರ ಕಾಲದಲ್ಲೇ.

ಸರ್ಕಾರ ಅಧಿಸೂಚನೆ ಹೊರಡಿಸದೆ ಹೆಂಗಸರನ್ನು ಸೇರಿಸಿಕೊಳ್ಳುವಂತಿಲ್ಲ ಅನ್ನುತ್ತದೆ 1957ರ ನೌಕಾಪಡೆ ಕಾಯ್ದೆ. ಹೆಣ್ಣು ಡಾಕ್ಟರುಗಳು ಮೊದಲೂ ಇದ್ದರು, ಅದು ಬೇರೆ ದಾರಿ. ರಾಮದಾಸ್ ಬಂದು ವರ್ಷ ತುಂಬುವ ಮೊದಲೇ, 1991ರ ಅಕ್ಟೋಬರಿನಲ್ಲಿ ಆ ಅಧಿಸೂಚನೆ ಬಂತು. ಲಾಜಿಸ್ಟಿಕ್ಸ್, ಕಾನೂನು, ಶಿಕ್ಷಣ ಮೂರೇ ವಿಭಾಗ. 1992ರಲ್ಲಿ ಮೊದಲ ತಂಡ ಸೇರಿತು. 1998ರಲ್ಲಿ ಇನ್ನಷ್ಟು ವಿಭಾಗ ತೆರೆದವು.

ಆದರೆ ಕರೆದದ್ದು ಶಾರ್ಟ್ ಸರ್ವಿಸ್‌ಗೆ. ಅಂದರೆ ಇಷ್ಟೇ ವರ್ಷ ಅಂತ ಮೊದಲೇ ಗೊತ್ತು ಮಾಡಿದ ಸೇವೆ, ಎಷ್ಟು ಎಳೆದರೂ ಹದಿನಾಲ್ಕು ವರ್ಷ. ಅಧಿಕಾರಿಗಳಿಗೆ ಪಿಂಚಣಿ ಸಿಗಲು ಇಪ್ಪತ್ತು ವರ್ಷ ಬೇಕು. ಲೆಕ್ಕ ಹಾಕಿ ನೋಡಿ. ಇಪ್ಪತ್ತೆರಡಕ್ಕೆ ಸೇರಿದವಳು ಮೂವತ್ತಾರಕ್ಕೆ ಹೊರಗೆ. ಮಗು ಎರಡನೇ ಕ್ಲಾಸು, ಕ್ವಾರ್ಟರ್ಸ್ ಖಾಲಿ ಮಾಡಬೇಕು. ಕರಿ ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ಅದರ ಮುಂದೆ ಪ್ರಮೋಷನ್ ಆದಾಗಲೆಲ್ಲ ಅಳಿಸಿ ಬರೆದು ದಪ್ಪಗಾದ ರ‍್ಯಾಂಕು. ಆ ಟ್ರಂಕು ಇನ್ನು ಮನೆಯಲ್ಲಿ ಹಾಸಿಗೆ ತುಂಬಿಡಲು. ಜೊತೆಗೆ ಕೆಲಸ ಮಾಡಿದ ಗಂಡಸರಿಗೆ ಮಾತ್ರ ಕಾಯಂ ಆಗುವ ದಾರಿಯಿತ್ತು.

2008ರಲ್ಲಿ ಕೆಲವೇ ವಿಭಾಗಗಳ ಹೆಂಗಸರಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಕಾಯಂ ಹುದ್ದೆ, ಬಂತು, ಅದೂ ಮುಂದೆ ಸೇರುವವರಿಗೆ. ಆಗಲೇ ಸೇವೆಯಲ್ಲಿದ್ದವರು ಕೋರ್ಟಿಗೆ ಹೋದರು. 2015ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಬಂದ ವಾದಗಳಲ್ಲಿ ಒಂದು, ರಷ್ಯಾದ ಹಳೇ ಹಡಗುಗಳಲ್ಲಿ ಹೆಂಗಸರಿಗೆ ಬಚ್ಚಲಿಲ್ಲ ಅನ್ನುವುದು. ಬಚ್ಚಲಿಲ್ಲದಿದ್ದರೆ ಕಟ್ಟಿಸಬೇಕು, ಅಲ್ವಾ? ಆ ಕೇಸು ಅಲ್ಲಿ ಕೊಳೆಯುತ್ತಿದ್ದಾಗಲೇ ನೌಕಾಪಡೆಯ ಆರು ಹೆಂಗಸರು ಗೋವಾದಿಂದ ತಾರಿಣಿ ಎಂಬ ಹಾಯಿದೋಣಿಯಲ್ಲಿ ಹೊರಟು, ಎಂಟು ತಿಂಗಳಲ್ಲಿ ಭೂಮಿ ಸುತ್ತಿ, 2018ರ ಮೇ ತಿಂಗಳಲ್ಲಿ ಗೋವಾಕ್ಕೇ ಮರಳಿದರು. ದೋಣಿಯ ಉದ್ದ ಬರೀ 17 ಮೀಟರ್.

2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟ್ ಹೆಂಗಸರ ಪರ ತೀರ್ಪು ಕೊಟ್ಟಿತು. ಆ ವಾರ ಎಲ್ಲರ ತಲೆಯಲ್ಲೂ ಕೊರೊನಾ. ಸುದ್ದಿ ಓದಿದವರು ಕಡಿಮೆ.

ರಾಮದಾಸ್ ಅಷ್ಟು ಹೊತ್ತಿಗೆ ನಿವೃತ್ತರಾಗಿ ಇಪ್ಪತ್ತಾರು ವರ್ಷ. ಅಲಿಬಾಗ್ ಹತ್ತಿರ ನೆಲೆಸಿ ಬೇಸಾಯ ಮಾಡಿದರು. ಪಾಕಿಸ್ತಾನದ ಜೊತೆ ಶಾಂತಿ ಬೇಕು, ಅಣ್ವಸ್ತ್ರ ಬೇಡ ಅಂತ ಓಡಾಡಿ ಕೆಲವರ ಸಿಟ್ಟಿಗೂ ಗುರಿಯಾದರು. 2004ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2023ರ ಕೊನೆಗೆ ಮಹಿಳೆಯೊಬ್ಬರು, ಪ್ರೇರಣಾ ದೇವಸ್ಥಳಿ, ಮೊದಲ ಬಾರಿಗೆ ಯುದ್ಧನೌಕೆಯೊಂದರ ಕಮಾಂಡ್ ಪಡೆದರು. ಹಡಗು ಐಎನ್‌ಎಸ್ ಟ್ರಿಂಕಾಟ್. 2024ರ ಮಾರ್ಚ್ 15ರಂದು ರಾಮದಾಸ್ ತೀರಿಕೊಂಡರು.

ಇಷ್ಟೆಲ್ಲ ಕೇಳಿಸಿಕೊಂಡ ಅಮ್ಮ, "ಹಾಗಾದ್ರೆ ಮೊದಲು ಸಿಗುವುದು ಹತ್ತೋ ಹನ್ನೆರಡೋ ವರ್ಷವೇ ಅಲ್ವಾ?" ಅಂದರು. ಹೌದು, ಶಾರ್ಟ್ ಸರ್ವಿಸ್ ದಾರಿಯಲ್ಲಿ ಸೇರಿದರೆ. ಕಾಯಂ ಆಗುವುದು ಆಮೇಲೆ, ಜಾಗ ಖಾಲಿಯಿದ್ದರೆ, ಆಯ್ಕೆಯಾದರೆ.

ಹುಡುಗಿ ಅಷ್ಟರಲ್ಲಿ ಮೊಬೈಲಿನಲ್ಲಿ ಫೋಟೊ ಅಪ್‌ಲೋಡ್ ಮಾಡುತ್ತಿದ್ದಳು.