ಒಂದೇ ಫೈಬರಿಗೆ ಎರಡು ಹೊಸ್ತಿಲುಗಳೇಕೆ?

ಪ್ರಶ್ನೆ: ಪ್ರಚೋದಿತ ಬ್ರಿಲ್ವಾ ಚದುರಿಕೆಯ ಹೊಸ್ತಿಲು ಸಾಮರ್ಥ್ಯವನ್ನು ಅಳೆದಾಗ ಒಂದೇ ಆಪ್ಟಿಕಲ್ ಫೈಬರಿಗೆ ನನಗೊಂದು, ನನ್ನ ಸಹಪಾಠಿಗೊಂದು ಅಂಕಿ ಬಂದಿದೆ. ಯಾರದು ಸರಿ?
– ಭೌತವಿಜ್ಞಾನ ಸ್ನಾತಕೋತ್ತರ ವಿದ್ಯಾರ್ಥಿನಿ, ಹಾಸನ

ಉತ್ತರ: ಇಬ್ಬರದೂ ಸರಿಯಿರಬಹುದು. ಹೊಸ್ತಿಲೆಂದರೆ ಫೈಬರಿನಿಂದ ಬೆಳಕು ಬಹಳವಾಗಿ ಹಿಂದಿರುಗತೊಡಗುವ ಲೇಸರ್ ಸಾಮರ್ಥ್ಯ (ಪವರ್). ಗೊರೂರಿನ ಹೇಮಾವತಿ ಜಲಾಶಯ ತುಂಬಿತೇ ಎಂದು ತಿಳಿಯಲು 2922 ಅಡಿಯ ಗುರುತನ್ನು ನೋಡಿದರೆ ಸಾಕು. ಫೈಬರಿನೊಳಗೆ ಅಂಥ ಗುರುತು ಎಲ್ಲಿಯೂ ಇಲ್ಲ.

ಗಾಜಿನ ಅಣುಗಳ ಉಷ್ಣ ಕಂಪನದಿಂದ ಸ್ವಲ್ಪ ಬೆಳಕು ಸದಾ ಹಿಂದಕ್ಕೆ ಚದುರುತ್ತಿರುತ್ತದೆ. ಹಾಗೆ ಹಿಂದಿರುಗುವ ಬೆಳಕು ಮುಂದೆ ಸಾಗುವ ಲೇಸರ್ ಬೆಳಕಿನೊಡನೆ ಬೆರೆತು ಗಾಜನ್ನು ಅಲೆಯಲೆಯಾಗಿ ಒತ್ತುತ್ತದೆ, ಆ ಒತ್ತಡ ಶಬ್ದತರಂಗವನ್ನು ಬಲಪಡಿಸುತ್ತದೆ, ಬಲಗೊಂಡ ಶಬ್ದತರಂಗ ಇನ್ನಷ್ಟು ಬೆಳಕನ್ನು ಹಿಂದಕ್ಕೆ ತಿರುಗಿಸುತ್ತದೆ. ಇದೇ ಪ್ರಚೋದಿತ ಬ್ರಿಲ್ವಾ ಚದುರಿಕೆ. ಈ ಬೆಳವಣಿಗೆ ಘಾತೀಯವಾದದ್ದು. ಆದ್ದರಿಂದ ಒಳಹಾಯಿಸಿದ ಸಾಮರ್ಥ್ಯದೆದುರು ಹಿಂದಿರುಗುವ ಬೆಳಕನ್ನು ತೋರಿಸುವ ನಕ್ಷೆಯ ಗೆರೆ ಬಹಳ ಕಡಿದಾಗಿ ಏರುತ್ತದೆಯೇ ಹೊರತು ಎಲ್ಲಿಯೂ ಮುರಿಯುವುದಿಲ್ಲ. ಹೊಸ್ತಿಲನ್ನು ಎಲ್ಲಿ ಇಡಬೇಕೆಂಬುದನ್ನು ಅಳೆಯುವವರೇ ನಿಶ್ಚಯಿಸಬೇಕು.

1972ರಲ್ಲಿ ಆರ್. ಜಿ. ಸ್ಮಿತ್ ಕೊಟ್ಟ ಸೂತ್ರವೇ ಇಂದಿಗೂ ಬಳಕೆಯಲ್ಲಿದೆ: ಫೈಬರಿನ ಪರಿಣಾಮಕಾರಿ ಅಡ್ಡಕೊಯ್ತದ ವಿಸ್ತೀರ್ಣವನ್ನು 21ರಿಂದ ಗುಣಿಸಿ, ವರ್ಧನಾಂಕ (ಹಿಂದಿರುಗುವ ಬೆಳಕು ಎಷ್ಟು ಬೇಗ ಬೆಳೆಯುತ್ತದೆಂಬ ಅಳತೆ) ಮತ್ತು ಪರಿಣಾಮಕಾರಿ ಉದ್ದ (ಬೆಳಕಿನ ನಷ್ಟವನ್ನು ಲೆಕ್ಕಕ್ಕೆ ಹಿಡಿದ ಉದ್ದ) ಇವುಗಳ ಗುಣಲಬ್ಧದಿಂದ ಭಾಗಿಸಬೇಕು. 80 ಚದರ ಮೈಕ್ರಾನ್ ಅಡ್ಡಕೊಯ್ತದ, ಕಿಲೋಮೀಟರಿಗೆ 0.2 ಡೆಸಿಬೆಲ್ ನಷ್ಟದ, 25 ಕಿಲೋಮೀಟರ್ ಉದ್ದದ ಫೈಬರಿಗೆ, ವರ್ಧನಾಂಕವನ್ನು 5×10⁻¹¹ ಮೀಟರ್ ಪ್ರತಿ ವ್ಯಾಟ್ ಎಂದು ಹಿಡಿದರೆ, ಸುಮಾರು 2.3 ಮಿಲಿವ್ಯಾಟ್ ಬರುತ್ತದೆ. ಇಷ್ಟು ಅಲ್ಪ ಬೆಳಕಿಗೆ ಗಾಜು ಇಷ್ಟು ತೀವ್ರವಾಗಿ ಸ್ಪಂದಿಸುವುದು ನಿಜಕ್ಕೂ ಅಚ್ಚರಿಯ ಸಂಗತಿ.

ಆ 21 ಎಂಬ ಸಂಖ್ಯೆಯ ಹಿಂದೆ ಒಂದು ವ್ಯಾಖ್ಯೆಯಿದೆ: ಪಂಪ್ ಬೆಳಕು (ಒಳಹಾಯಿಸಿದ ಲೇಸರ್ ಬೆಳಕು) ಕ್ಷಯಿಸುವುದನ್ನು ಲೆಕ್ಕಕ್ಕೆ ಹಿಡಿಯದೆ, ಹಿಂದಿರುಗುವ ಸಾಮರ್ಥ್ಯವು ಒಳಹಾಯಿಸಿದ ಸಾಮರ್ಥ್ಯಕ್ಕೆ ಸಮವಾಗುವ ಬಿಂದುವೇ ಹೊಸ್ತಿಲು. ಬದಲಿಗೆ ಹಲವರು ಮಾಡುವಂತೆ ಶೇಕಡ 1ರಷ್ಟು ಹಿಂದಿರುಗಿದರೆ ಸಾಕೆಂದು ನೀವು ಎಣಿಸಿದ್ದರೆ, ನೂರು ಪಟ್ಟಿನ ವ್ಯತ್ಯಾಸಕ್ಕೆ ಘಾತದಲ್ಲಿರುವ 21ರಿಂದ ಸುಮಾರು 4.6 ಮಾತ್ರ ಕಳೆಯುವುದರಿಂದ, ನಿಮ್ಮ ಹೊಸ್ತಿಲು ಸ್ಥೂಲವಾಗಿ ಐದನೇ ಒಂದು ಭಾಗದಷ್ಟು ತಗ್ಗುತ್ತದೆ.

ನಿಮ್ಮ ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಉಪಕರಣಗಳ ಕಡೆ ನೋಡಬೇಕು. ಸರ್ಕ್ಯುಲೇಟರ್ (ಹಿಂದಿರುಗುವ ಬೆಳಕನ್ನು ಬೇರೆ ದಾರಿಗೆ ತಿರುಗಿಸುವ ಸಾಧನ) ಮೂಲಕ ಹಿಂದಿರುಗುವ ಬೆಳಕನ್ನು ಪವರ್ ಮೀಟರಿನಲ್ಲಿ ಓದುವಾಗ, ನೇರವಾಗಿ ಕತ್ತರಿಸಿದ ಫೈಬರ್ ತುದಿಯೊಂದೇ ಶೇಕಡ 4ರಷ್ಟು ಬೆಳಕನ್ನು ಪ್ರತಿಫಲಿಸಿ, ಶೇಕಡ 1ರ ಗುರುತನ್ನು ಅರ್ಥಹೀನವಾಗಿಸಬಲ್ಲದು; ಅದಕ್ಕಾಗಿಯೇ ಓರೆಯಾಗಿ ಕತ್ತರಿಸಿದ ತುದಿ ಬೇಕು. 1550 ನ್ಯಾನೋಮೀಟರಿನಲ್ಲಿ ಬ್ರಿಲ್ವಾ ಬೆಳಕಿನ ಆವೃತ್ತಿ ಸುಮಾರು 11 ಗಿಗಾಹರ್ಟ್ಸ್ ಕಡಿಮೆಯಿರುವುದರಿಂದ, ಸೂಕ್ಷ್ಮ ರೋಹಿತಮಾಪಕವಿದ್ದರೆ ಅದನ್ನು ಮೂಲ ಆವೃತ್ತಿಯಲ್ಲೇ ಉಳಿಯುವ ರೇಲೆ ಚದುರಿಕೆಯಿಂದ ಬೇರ್ಪಡಿಸಬಹುದು.

ಎಲ್ಲಕ್ಕಿಂತ ದೊಡ್ಡ ಕಾರಣ ಲೇಸರಿನ ರೇಖಾಗಲ, ಅಂದರೆ ಅದರ ಬೆಳಕಿನ ಆವೃತ್ತಿಗಳ ಹರವು. ಬ್ರಿಲ್ವಾ ವರ್ಧನೆಯ ಅಗಲ ಕೆಲವು ಹತ್ತು ಮೆಗಾಹರ್ಟ್ಸ್ ಮಾತ್ರ. ಲೇಸರಿನ ಅಗಲವೂ ಅಷ್ಟೇ ಇದ್ದರೆ ಹೊಸ್ತಿಲು ಸರಿಸುಮಾರು ಇಮ್ಮಡಿಯಾಗುತ್ತದೆ. ನೀವಿಬ್ಬರೂ ಬಳಸಿದ್ದು ಒಂದೇ ಲೇಸರೇ ಎಂದು ಮೊದಲು ನೋಡಿ, ಆಮೇಲೆ ಅಂಕಿಯ ಪಕ್ಕದಲ್ಲಿ ರೇಖಾಗಲವನ್ನೂ ನೀವು ಆರಿಸಿಕೊಂಡ ವ್ಯಾಖ್ಯೆಯನ್ನೂ ರೆಕಾರ್ಡಿನಲ್ಲಿ ಬರೆಯಿರಿ.