ಕೈಯಲ್ಲೇ ಪಾಠ ಹೇಳಿದ ಪಾಸ್ಟರ್ ಆಂಡ್ರ್ಯೂ ಫಾಸ್ಟರ್

1957ನೇ ಇಸವಿ, ಘಾನಾಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ಕೆಲವೇ ತಿಂಗಳಾಗಿತ್ತು. ಅಕ್ರಾದಲ್ಲಿ ಮಾಮೂಲಿ ಮಕ್ಕಳ ಸ್ಕೂಲ್ ಬಿಟ್ಟ ಮೇಲೆ ಖಾಲಿ ಇರೋ ಕ್ಲಾಸ್‌ರೂಮುಗಳನ್ನ ಕೇಳಿ ಇಸ್ಕೊಂಡು, ಅಮೆರಿಕದಿಂದ ಬಂದ ಒಬ್ಬ ಕಪ್ಪು ಪಾಸ್ಟರ್ ಕಿವುಡ ಮಕ್ಕಳಿಗೆ, ಜೊತೆಗೆ ಕೆಲವು ದೊಡ್ಡವರಿಗೂ ಪಾಠ ಶುರು ಮಾಡಿದ್ರು. ಇಲ್ಲಿ ಕಿವುಡ ಮಕ್ಕಳೇ ಇಲ್ಲ ಅಂತ ಮೊದಮೊದಲು ಅವರಿಗೆ ಹೇಳಿದ್ರಂತೆ. ಇದ್ರು, ಆದ್ರೆ ಹೊರಗೆ ಯಾರ ಕಣ್ಣಿಗೂ ಬೀಳದ ಹಾಗೆ ಮನೆ ಒಳಗೆ ಇದ್ರು. ಆ ಪಾಸ್ಟರ್ ಹೆಸರು ಆಂಡ್ರ್ಯೂ ಫಾಸ್ಟರ್, ಅವರಿಗೂ ಕಿವಿ ಕೇಳ್ತಿರ್ಲಿಲ್ಲ.

ಇವರ ಬಗ್ಗೆ ಓದಿದಾಗಿಂದ ನಂಗೆ ತಲೇಲಿ ಒಂದೇ ವಿಷಯ ಕೊರೀತಿದೆ, ಮಗುಗೆ ಭಾಷೆ ಬರೋಕೆ ಶಬ್ದ ಬೇಕೇ ಬೇಕಾ ಅನ್ನೋದು. ವಿಜ್ಞಾನಿಗಳು ಇದಕ್ಕೆ ಉತ್ತರ ಹುಡುಕೋಕೆ ಶುರು ಮಾಡೋ ಹೊತ್ತಿಗೆ ಫಾಸ್ಟರ್ ಆಗ್ಲೇ ಅಕ್ರಾದಲ್ಲಿ ಕೈಸನ್ನೆಯಿಂದ ಪಾಠ ಮಾಡ್ತಾ ಇದ್ರು.

ಹುಟ್ಟಿದ್ದು 1925ರಲ್ಲಿ, ಅಲಬಾಮಾದ ಎನ್‌ಸ್ಲಿಯಲ್ಲಿ, ಅಪ್ಪ ಕಲ್ಲಿದ್ದಲು ಗಣಿ ಕಾರ್ಮಿಕ. 11ನೇ ವಯಸ್ಸಲ್ಲಿ ಇವರಿಗೂ ಇವರ ಸಹೋದರನಿಗೂ ಮೆನಿಂಜೈಟಿಸ್ ಬಂತು, ಇಬ್ಬರ ಕಿವಿಯೂ ಹೋಯ್ತು. ಮೆನಿಂಜೈಟಿಸ್ ಅಂದ್ರೆ ಮೆದುಳು ಮತ್ತು ಬೆನ್ನುಹುರಿ ಸುತ್ತ ಇರೋ ಪೊರೆಗೆ ತಗಲೋ ಸೋಂಕು. ಅದಕ್ಕೂ ಕಿವಿಗೂ ಏನು ಸಂಬಂಧ ಅಂದ್ರೆ, ಮೆದುಳನ್ನ ಸುತ್ತಿಕೊಂಡಿರೋ ದ್ರವಕ್ಕೂ ಒಳಕಿವಿಗೂ ನಡುವೆ ಕೂದಲಿನಷ್ಟು ಸಣ್ಣ ಕಾಲುವೆ ಒಂದಿದೆ, ಬ್ಯಾಕ್ಟೀರಿಯಾ ಮತ್ತು ಉರಿಯೂತ ಆ ದಾರೀಲೇ ಕಾಕ್ಲಿಯಾಗೆ ಇಳಿಯುತ್ತೆ. ಕಾಕ್ಲಿಯಾ ಬಸವನಹುಳು ಚಿಪ್ಪಿನ ಥರ ಸುತ್ತಿಕೊಂಡಿರೋ ಪುಟ್ಟ ಅಂಗ, ಅದರಲ್ಲಿ ಸುಮಾರು 15 ಸಾವಿರ ರೋಮಕೋಶಗಳು ಇರ್ತವೆ, ಶಬ್ದದ ಅಲುಗಾಟವನ್ನ ಮೆದುಳಿಗೆ ಅರ್ಥ ಆಗೋ ವಿದ್ಯುತ್ ಸಂಕೇತ ಮಾಡೋದು ಅವೇ. ಕೋಳಿ ಮರಿಗೆ ಆ ಕೋಶಗಳು ಸತ್ರೆ ಮತ್ತೆ ಬೆಳೀತವೆ, ಮನುಷ್ಯರಿಗೆ ಒಂದ್ಸಲ ಹೋದ್ರೆ ಹೋಯ್ತು. 1936ರಲ್ಲಿ ಪೆನಿಸಿಲಿನ್ ಇನ್ನೂ ಆಸ್ಪತ್ರೆಗೇ ಬಂದಿರ್ಲಿಲ್ಲ, ಮಗು ಬದುಕಿದ್ರೆ ಅದೇ ಪುಣ್ಯ ಅನ್ನೋ ಕಾಲ ಅದು.

ಅಂದಹಾಗೆ ಆಫ್ರಿಕಾದಲ್ಲಿ ಸೆನೆಗಲ್‌ನಿಂದ ಇಥಿಯೋಪಿಯಾ ತನಕ ಮೆನಿಂಜೈಟಿಸ್ ಪಟ್ಟಿ ಅಂತಾನೇ ಕರೆಯೋ ಪ್ರದೇಶ ಇದೆ, ಒಣಹವೆಯ ತಿಂಗಳುಗಳಲ್ಲಿ ಅಲ್ಲಿ ಈ ಕಾಯಿಲೆ ಸಾಂಕ್ರಾಮಿಕವಾಗಿ ಹಬ್ಬಿ ಎಷ್ಟೋ ಮಕ್ಕಳ ಕಿವಿ ತೆಗೆದಿದೆ. ಅಲ್ಲಿ ಹೆಚ್ಚು ಕಾಡ್ತಿದ್ದ ಎ ಗುಂಪಿನ ಬ್ಯಾಕ್ಟೀರಿಯಾಗೆ ಅಂತಾನೇ, ಒಂದು ಡೋಸಿಗೆ ಅರ್ಧ ಡಾಲರ್‌ಗೂ ಕಮ್ಮಿ ಬೆಲೆಯ ಲಸಿಕೆಯನ್ನ ತಯಾರು ಮಾಡಿದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್. 2010ರ ಡಿಸೆಂಬರಿನಿಂದ ಅದನ್ನ ಹಾಕೋಕೆ ಶುರು ಮಾಡಿದ ಮೇಲೆ ಆ ಗುಂಪಿನ ಕಾಯಿಲೆ ಹೆಚ್ಚುಕಮ್ಮಿ ಕಾಣೆಯಾಗಿದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಫಾಸ್ಟರ್ ಕಿವುಡಾಗಿದ್ದು 11ಕ್ಕೆ, ಅಷ್ಟೊತ್ತಿಗೆ ಅವರ ತಲೇಲಿ ಇಂಗ್ಲಿಷ್ ಗಟ್ಟಿಯಾಗಿ ಕೂತಿತ್ತು. ಹುಟ್ಟುತ್ತಲೇ ಕಿವುಡಾದ ಮಗುದು ಬೇರೆ ಕತೆ. ಅಮೆರಿಕದ ಲೆಕ್ಕದಲ್ಲಿ ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳು ಕಿವಿ ಕೇಳೋ ಅಪ್ಪ ಅಮ್ಮನಿಗೇ ಹುಟ್ಟೋದು, ಆ ಅಪ್ಪ ಅಮ್ಮಂಗೆ ಸನ್ನೆ ಭಾಷೆ ಬರಲ್ಲ, ಮಗುಗೆ ಅವರ ಮಾತು ಕೇಳಲ್ಲ, ಹಿಂಗೆ ಭಾಷೆ ಅಂಟಿಕೊಳ್ಳಬೇಕಾದ ಮೊದಲ ಐದಾರು ವರ್ಷ ಸುಮ್ನೆ ಹೋಗ್ಬಿಡುತ್ತೆ. ಮೊದಲನೇ ಭಾಷೆ ಕಲಿಯೋಕೆ ಮೆದುಳು ಚಿಕ್ಕ ವಯಸ್ಸಲ್ಲಿ ತೆರೆದಿರುವಷ್ಟು ಆಮೇಲೆ ತೆರೆದಿರಲ್ಲ. ತಡವಾಗಿ ಸನ್ನೆ ಕಲಿತವರಿಗೆ ಎಷ್ಟೇ ವರ್ಷ ಬಳಸಿದ್ರೂ ವ್ಯಾಕರಣದ ಸೂಕ್ಷ್ಮಗಳು ಸರಿಯಾಗಿ ಕೂರಲ್ಲ ಅಂತ ಅಧ್ಯಯನಗಳು ತೋರಿಸಿವೆ. ಅದೇ ಕಿವುಡ ಅಪ್ಪ ಅಮ್ಮನ ಮಡಿಲಲ್ಲಿ ಬೆಳೆದ ಕಿವುಡ ಕೂಸು ನಮ್ಮ ಕೂಸುಗಳು ಬಬಬ ಮಮಮ ಅನ್ನೋ ವಯಸ್ಸಲ್ಲೇ ಕೈಯಲ್ಲಿ ತೊದಲುತ್ತೆ! ಮೆದುಳಿನ ಎಡಭಾಗಕ್ಕೆ ಸ್ಟ್ರೋಕ್ ಆದ್ರೆ ನಮಗೆ ಮಾತು ಹೋಗೋ ಹಾಗೆ ಕಿವುಡರಿಗೆ ಸನ್ನೆ ಹೋಗುತ್ತೆ, ಕೈ ಚೆನ್ನಾಗೇ ಆಡ್ತಿದ್ರೂ ಸನ್ನೆಗಳನ್ನ ಜೋಡಿಸೋಕೆ ಬರಲ್ಲ. ಅಂದ್ರೆ ಮೆದುಳಿಗೆ ಬೇಕಿರೋದು ಭಾಷೆ, ಅದು ಕಿವಿಯಿಂದ ಬಂತೋ ಕಣ್ಣಿಂದ ಬಂತೋ ಅನ್ನೋದು ಅದಕ್ಕೆ ಅಷ್ಟು ದೊಡ್ಡದಲ್ಲ. ನಮ್ಮ ಕಡೆ ಕಿವಿ ಕೇಳದ ಮಗುನ ಹೆಸರು ಬಿಟ್ಟು ಮೂಗ, ಮೂಗಿ ಅಂತಾನೇ ಕರೀತಾರಲ್ಲ, ಅದು ಕಿವಿಗೆ ಬಿದ್ದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ, ಮಗುಗೆ ಮಾತಾಡೋ ಶಕ್ತಿ ಪೂರ್ತಿ ಇತ್ತು, ಅದು ನೋಡಿ ಕಲಿಯೋ ಭಾಷೆಯನ್ನ ನಾವು ಕೊಡ್ಲಿಲ್ಲ ಅಷ್ಟೇ.

ಫಾಸ್ಟರ್ ಓದಿದ್ದೂ ಸುಲಭದಲ್ಲಲ್ಲ. ಅಲಬಾಮಾದಲ್ಲಿ ಕಪ್ಪು ಕಿವುಡ ಮಕ್ಕಳಿಗೆ ಬೇರೆಯೇ ಸ್ಕೂಲು, ಅದೂ ಆರನೇ ಕ್ಲಾಸ್ ತನಕ. 17ಕ್ಕೆ ಮಿಶಿಗನ್‌ಗೆ ಹೋಗಿ ಹಗಲು ಕೆಲಸ ರಾತ್ರಿ ಓದು ಅಂತ ಮಾಡಿ, ಅಂಚೆ ಮೂಲಕ ಹೈಸ್ಕೂಲ್ ಮುಗಿಸಿದ್ರು. ಕಿವುಡರಿಗೆ ಅಂತಾನೇ ಇರೋ ಗಾಲಡೆಟ್ ಕಾಲೇಜಿಗೆ ಅರ್ಜಿ ಹಾಕಿದ್ರೆ ಬಣ್ಣದ ಕಾರಣಕ್ಕೆ ಮತ್ತೆ ಮತ್ತೆ ಇಲ್ಲ ಅನ್ನಿಸ್ಕೊಂಡು ಕೊನೆಗೆ 1951ರಲ್ಲಿ ಸೀಟು ಸಿಕ್ತು, 1954ರಲ್ಲಿ ಅಲ್ಲಿಂದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರೇ ಆದ್ರು. ಆಮೇಲೆ ಇನ್ನೆರಡು ಪದವಿ, 1956ರಲ್ಲಿ ಒಂದು ಮಿಷನ್ ಸ್ಥಾಪನೆ, ಮರುವರ್ಷ ಆಫ್ರಿಕಾ.

ಇಲ್ಲೊಂದು ತಾರೀಖು ನೋಡಿ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಣ ಸಮ್ಮೇಳನ ಸನ್ನೆ ಬಿಟ್ಟು ತುಟಿ ನೋಡಿ ಮಾತು ಕಲಿಸಬೇಕು ಅಂತ ತೀರ್ಮಾನ ಮಾಡಿತ್ತು, ಆ ನೆರಳು ನೂರು ವರ್ಷ ಬಿತ್ತು. ಗಾಲಡೆಟ್‌ಗೆ ಇಂಗ್ಲಿಷ್ ಕಲಿಸೋಕೆ ವಿಲಿಯಂ ಸ್ಟೋಕಿ ಬಂದಿದ್ದು 1955ರಲ್ಲಿ, ಫಾಸ್ಟರ್ ಪದವಿ ಮುಗಿಸಿದ ಮರುವರ್ಷ. ಕೈಯ ಆಕಾರ, ಕೈ ಇರೋ ಜಾಗ, ಚಲನೆ, ಇವು ಮಾತಿನ ಧ್ವನಿಗಳ ಹಾಗೇ ಜೋಡಿಸಿ ಪದ ಆಗ್ತವೆ, ಹಾಗಾಗಿ ಸನ್ನೆ ಭಾಷೆ ಪೂರ್ತಿ ಭಾಷೆಯೇ ಅಂತ ಅವರು ಬರೆದು ತೋರಿಸಿದ್ದು 1960ರಲ್ಲಿ. ಆ ವರ್ಷ ಫಾಸ್ಟರ್ ನೈಜೀರಿಯಾದ ಇಬಾಡಾನ್‌ನಲ್ಲಿ ಸ್ಕೂಲ್ ತೆಗೀತಿದ್ರು.

ಮೂವತ್ತು ವರ್ಷದಲ್ಲಿ 13 ದೇಶಗಳಲ್ಲಿ ಮೂವತ್ತಕ್ಕೂ ಹೆಚ್ಚು ಸ್ಕೂಲುಗಳು. ಒಬ್ಬರೇ ಕೂತು ಎಲ್ಲ ನಡೆಸೋಕೆ ಆಗಲ್ವಲ್ಲ, ಹಾಗಾಗಿ ಕಿವುಡರನ್ನೇ ಕರೆಸಿ ಮೇಷ್ಟ್ರು ಕೆಲಸಕ್ಕೆ ತಯಾರು ಮಾಡಿ ಅವರವರ ದೇಶಕ್ಕೆ ಕಳಿಸ್ತಿದ್ರು, ನನ್ನ ಪ್ರಕಾರ ಅವರು ಮಾಡಿದ್ದರಲ್ಲೇ ದೊಡ್ಡ ಕೆಲಸ ಇದು, ಯಾಕಂದ್ರೆ ಕಿವುಡ ಮಗು ಕಿವುಡ ದೊಡ್ಡವರನ್ನ ನೋಡೋದೇ ಅಪರೂಪ. ಹೆಂಡತಿ ಬರ್ಟಾ ಕೂಡ ಕಿವುಡರೇ, ಜರ್ಮನಿಯವರು, 1959ರಲ್ಲಿ ವೀಸ್‌ಬಾಡೆನ್‌ನಲ್ಲಿ ನಡೆದ ಕಿವುಡರ ವಿಶ್ವ ಸಮ್ಮೇಳನದಲ್ಲಿ ಭೇಟಿ ಆಗಿದ್ದು. ಈ ದಂಪತಿಗೆ ಐದು ಮಕ್ಕಳು.

ಅವರು ಬಳಸಿದ ಸನ್ನೆಗಳ ಹಾದಿ ಹುಡುಕ್ತಾ ಹೋದ್ರೆ ಇನ್ನಿಬ್ಬರು ಧರ್ಮಗುರುಗಳು ಸಿಗ್ತಾರೆ. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಪಾದ್ರಿ ಡಿ ಲೆಪೇ ಕಿವುಡರ ಸನ್ನೆ ಕಲಿತು ಅದರಲ್ಲೇ ಶಾಲೆ ನಡೆಸಿದ್ರು. ಅಮೆರಿಕದ ಥಾಮಸ್ ಹಾಪ್ಕಿನ್ಸ್ ಗಾಲಡೆಟ್ ಅನ್ನೋ ಇನ್ನೊಬ್ಬ ಪಾದ್ರಿ ಆ ಶಾಲೆಯ ಕಿವುಡ ಮೇಷ್ಟ್ರು ಲೊರಾಂ ಕ್ಲೆರ್‌ನ ಕರ್ಕೊಂಡ್ ಬಂದು 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ತೆರೆದ್ರು, ಫ್ರೆಂಚ್ ಸನ್ನೆಗಳೂ ಅಲ್ಲಿನ ಕಿವುಡರ ಸನ್ನೆಗಳೂ ಕಲೆತು ಅಮೆರಿಕನ್ ಸನ್ನೆ ಭಾಷೆ ಆಯ್ತು. ಅದನ್ನ ಫಾಸ್ಟರ್ ಆಫ್ರಿಕಾಕ್ಕೆ ಒಯ್ದರು. ಟೋಗೊ, ಬೆನಿನ್ ಥರದ ಫ್ರೆಂಚ್ ಆಡೋ ದೇಶಗಳಲ್ಲಿ ಅದೇ ಸನ್ನೆ ಈಗ ತುಟಿ ಮೇಲೆ ಫ್ರೆಂಚ್ ಪದಗಳ ಜೊತೆ ನಡೀತಿದೆ.

1987ರ ಡಿಸೆಂಬರ್ 3ಕ್ಕೆ ರುವಾಂಡಾದಲ್ಲಿ ಅವರಿದ್ದ ಸಣ್ಣ ವಿಮಾನ ಬಿದ್ದು ಫಾಸ್ಟರ್ ತೀರಿಕೊಂಡ್ರು.

ಆದ್ರೆ ಒಂದು ಮಾತು ಹೇಳ್ದೆ ಬಿಡೋಕೆ ಆಗಲ್ಲ. ಅಕ್ರಾದಿಂದ ತುಂಬಾ ದೂರ ಇಲ್ಲದ ಅದಮೊರೊಬೆ ಅನ್ನೋ ಹಳ್ಳಿಯಲ್ಲಿ ಎಷ್ಟೋ ತಲೆಮಾರಿಂದ ವಂಶಪಾರಂಪರ್ಯವಾಗಿ ಕಿವುಡು ಇದೆ, ಅಲ್ಲಿ ಕಿವಿ ಕೇಳೋರೂ ಕಿವುಡರ ಜೊತೆ ಸನ್ನೆಯಲ್ಲೇ ಮಾತಾಡ್ತಿದ್ರು, ಯಾರೂ ಹೊರಗಿಂದ ತಂದಿದ್ದಲ್ಲ, ಊರಲ್ಲೇ ಹುಟ್ಟಿದ ಭಾಷೆ. ಕಾರಣ ಜಿಜೆಬಿ2 ಅನ್ನೋ ಜೀನು. ಒಳಕಿವಿಯ ಕೋಶಗಳ ನಡುವೆ ಪೊಟ್ಯಾಸಿಯಂ ಓಡಾಡೋ ಬಾಗಿಲುಗಳನ್ನ ಕಟ್ಟೋ ಪ್ರೋಟೀನು ಇದರಿಂದ ಬರುತ್ತೆ, ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಕೆಟ್ಟ ಪ್ರತಿ ಬಂದ್ರೆ ಮಗು ಕಿವುಡಾಗುತ್ತೆ. ಅದಮೊರೊಬೆಯವರಲ್ಲಿ ಈ ಜೀನಿನ ಒಂದು ಜಾಗದಲ್ಲಿ ತಪ್ಪು ಇದೆ, ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣೋದು ಇದೇ ಜೀನಿನ ಇನ್ನೊಂದು ಜಾಗದ ತಪ್ಪು. ಸೋದರಮಾವ, ಅತ್ತೆ ಮಗಳು ಅಂತ ಒಳಗೊಳಗೇ ಮದುವೆ ಆಗೋ ನಮ್ಮ ಕರ್ನಾಟಕದ ಮನೆಗಳಲ್ಲಿ ಎರಡು ಕೆಟ್ಟ ಪ್ರತಿ ಒಂದೇ ಮಗುಗೆ ಸೇರೋ ಸಾಧ್ಯತೆ ಜಾಸ್ತಿ, ಹಾಗಾಗಿ ಕೂಸು ಶಬ್ದಕ್ಕೆ ತಿರುಗ್ತಿಲ್ಲ ಅನ್ನಿಸಿದ್ರೆ ನಿಧಾನಕ್ಕೆ ಮಾತು ಬರುತ್ತೆ ಬಿಡು ಅಂತ ಕಾಯ್ದೇ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಬೇಗ ತೋರಿಸಿ ದಯವಿಟ್ಟು.

ಅದಮೊರೊಬೆಯ ಕಿವುಡ ಮಕ್ಕಳು ಈಗ ಮಾಂಪಾಂಗ್ ಊರಿನ ಕಿವುಡರ ವಸತಿ ಶಾಲೆಗೆ ಹೋಗ್ತಾರೆ. ಫಾಸ್ಟರ್ ಅಕ್ರಾದಲ್ಲಿ ಶುರು ಮಾಡಿದ ಕೆಲಸದಿಂದಲೇ ಬೆಳೆದ ಶಾಲೆ ಅದು. ಅಲ್ಲಿ ಓದು ಬರಹ ಕಲೀತಾರೆ, ದೇಶದ ಬೇರೆ ಕಿವುಡರ ಜೊತೆ ಮಾತಾಡೋಕೆ ಕಲೀತಾರೆ, ಆದ್ರೆ ಅಲ್ಲಿನ ಸನ್ನೆ ಅಮೆರಿಕದಿಂದ ಬಂದಿದ್ದು. ರಜಕ್ಕೆ ಊರಿಗೆ ಬಂದ ಮಕ್ಕಳ ಕೈ ಒಂದು ಭಾಷೆ ಆಡಿದ್ರೆ, ಮನೇಲಿರೋ ಅಜ್ಜ ಅಜ್ಜಿಯರ ಕೈ ಇನ್ನೊಂದು ಭಾಷೆ ಆಡುತ್ತೆ.